ಪುಟ್ಟಿ ಕೇಳಿದ ಬಕೆಟ್ಟಿನ ವಿಡಿಯೊ

ಮಾರ್ಚ್ ೧೪, ಶನಿವಾರ

ಮುದ್ದಿನ ತಂಗಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ನಾವಿಲ್ಲಿ ಹೇಗೋ ಇದ್ದೇವೆ. ನೀನು, ನಿಮ್ಮ ಮನೆಯವರು, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಅಂದುಕೊಂಡು ಅಂತ ಯಾಕೆ ಬರೆದೆ ಅಂದರೆ, ಮೊನ್ನೆ ಫೋನಿನಲ್ಲಿ ಪುಟ್ಟಿ ಎರಡು ಸಲ ಕೆಮ್ಮಿದಳು. ಒಂದು ಸಲ ಕೆಮ್ಮಿದರೆ ಬಿಡು, ಗಂಟಲಲ್ಲಿ ಏನೋ ಸಿಕ್ಕಿರುತ್ತೆ. ಎರಡು ಸಲ ಕೆಮ್ಮಿದಳು. ಅವಳಿಗೆ ಫ್ಯಾನಿನ ಕೆಳಗೆ ಮಲಗಿದರೆ ಆಗಿಬರುವುದಿಲ್ಲ, ನಿನಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಇನ್ನೊಂದು ಸಲ ಹೇಳಿದೆ ಅಂದುಕೋ.

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಪುಟ್ಟಿ ವಿಡಿಯೊ ಕೇಳಿ ಇವತ್ತಿಗೆ ಮೂರು ವಾರ ಆಯಿತು. "ದೊಡ್ಡಮ್ಮ, ನಾನು ಬಕೆಟ್ ತಲೆ ಮೇಲೆ ಹಾಕ್ಕೊಂಡು ಕುಣಿದಿದ್ದು ಕಳಿಸು. ಸ್ಕೂಲಲ್ಲಿ ಎಲ್ಲರೂ ಚಿಕ್ಕವರಿದ್ದಾಗಿಂದು ತೋರಿಸಬೇಕಂತೆ" ಅಂದಳು. ನಾನು "ನಾಳೆನೇ ಕಳಿಸ್ತೀನಿ ನನ್ನ ಬಂಗಾರ" ಅಂದೆ. ನಾಳೆ ಅಂದಿದ್ದು ನಾನು. ಆ ನಾಳೆ ಈಗ ಬಂತು. ಫೋನಿನಲ್ಲಿ ಹೇಳೋಣ ಅಂದರೆ ನನ್ನ ಕಥೆ ಒಂದು ದಾರಿಯಲ್ಲಿ ಹೋಗುವುದಿಲ್ಲ, ನೀನು ಡ್ಯೂಟಿಗೆ ಹೊರಡುವ ಅವಸರದಲ್ಲಿ "ಬೇಗ ಹೇಳಕ್ಕ" ಅಂತೀಯ, ನನಗೆ ಇನ್ನೂ ತೊದಲುತ್ತೆ. ಅದಕ್ಕೆ ಕಾಗದ. ಇದು ನಾಲ್ಕನೆಯದು, ಮೂರು ಹರಿದು ಹಾಕಿದೆ. ಆರನೇ ಕ್ಲಾಸಿಗೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಕಂಪ್ಯೂಟರ್ ಸತ್ತುಹೋಗಿತ್ತು. ಪುಟ್ಟಿ ನಿಮ್ಮ ಜೊತೆ ಹೋದ ಮೇಲೆ ನಾನು ಅದರ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ ಬಿಟ್ಟಿದ್ದೆ. ಒಂಬತ್ತು ತಿಂಗಳು ಮುಟ್ಟಲಿಲ್ಲ. ನೋಡಿದರೆ ಅಳು ಬರುತ್ತೆ ಅಂತ ಅಷ್ಟೇ, ಬೇರೇನಿಲ್ಲ. ಅವಳು ಕೇಳಿದಳಲ್ಲ ಅಂತ ಬೆಡ್‌ಶೀಟ್ ತೆಗೆದು ಸ್ವಿಚ್ ಹಾಕಿದರೆ, ಒಳಗೆ ಫ್ಯಾನ್ ತಿರುಗುತ್ತೆ, ದೀಪ ಹತ್ತುತ್ತೆ, ಪರದೆ ಮಾತ್ರ ಕಪ್ಪು. ಅದರ ಮೇಲೆ ಬಿಳೀ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು. ನನಗೆ ಓದೋಕೆ ಬರುತ್ತಾ? ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಒಂದೊಂದೇ ಅಕ್ಷರ ನೋಡಿಕೊಂಡು ಚಿತ್ರ ಬರೆದ ಹಾಗೆ ಬರೆದುಕೊಂಡೆ. ನೀನು ಡ್ಯೂಟಿಗೋಸ್ಕರ ಹತ್ತು ತಿಂಗಳ ಕೂಸನ್ನು ನನ್ನ ಹತ್ತಿರ ಬಿಟ್ಟಾಗಿಂದ ಅವಳಿಗೆ ಎಂಟು ವರ್ಷ ಆಗುವ ತನಕ ತೆಗೆದದ್ದೆಲ್ಲ ಇರೋದು ಅದೊಂದರಲ್ಲೇ. ಫೋನ್ ತುಂಬಿದಾಗಲೆಲ್ಲ ಅದಕ್ಕೆ ಹಾಕಿಸಿ ಫೋನಿನಿಂದ ತೆಗೆಸಿಬಿಡುತ್ತಿದ್ದೆ. ಇನ್ನೊಂದು ಕಡೆ ಇಟ್ಟುಕೋಬೇಕು ಅಂತ ಯಾರು ಹೇಳಿಕೊಟ್ಟರು ನನಗೆ?

ನಿನ್ನ ಭಾವ ಬಂದು ನೋಡಿದರು. ಬಂದವರೇ ಅದರ ನೆತ್ತಿಗೆ ಎರಡು ಗುದ್ದಿದರು.

"ಅಯ್ಯೋ ಹೊಡೀಬೇಡ್ರೀ!"

"ನಮ್ಮ ವ್ಯಾನು ಹೀಗೇ ಸ್ಟಾರ್ಟ್ ಆಗೋದು. ನೀನು ಸುಮ್ಮನೆ ಇರು, ಎಲ್ಲದಕ್ಕೂ ಬಾಯಿ ಬಡ್ಕೋಬೇಡ."

ಸ್ಟಾರ್ಟ್ ಆಗಲಿಲ್ಲ. ಸಂಜೆ ಅವರ ಸ್ನೇಹಿತನೊಬ್ಬನನ್ನು ಕರೆತಂದರು, ಡ್ರೈವರ್‌ಗಳೆಲ್ಲ ಅವನನ್ನು ಸ್ಕ್ರೂ ಅಂತ ಕರೆಯುತ್ತಾರಂತೆ. ಎಲ್ಲದರ ಸ್ಕ್ರೂ ಬಿಚ್ಚುತ್ತಾನೆ, ಹಾಕುವಾಗ ಎರಡು ಉಳಿದಿರುತ್ತೆ. ನಾವು ಊಟ ಮಾಡುವ ಟೇಬಲ್ ಮೇಲೇ ಸಿಪಿಯು ಡಬ್ಬ ಮಲಗಿಸಿ ಪಕ್ಕದ ತಗಡು ತೆಗೆದ. ಥೂ. ಏನು ಹೇಳಲಿ ನಿನಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೈ ನನ್ನದು. ರಕ್ತ, ಕೀವು, ಇನ್ನೊಂದು ಮತ್ತೊಂದು, ಯಾವುದಕ್ಕೂ ಮೂಗು ಮುಚ್ಚಿದವಳಲ್ಲ. ಇದನ್ನು ನೋಡಿ ವಾಕರಿಕೆ ಬಂತು. ಬೂದು ಬಣ್ಣದ ಧೂಳು ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಮೂಲೆಯಲ್ಲಿ ಜಿರಳೆ ಮೊಟ್ಟೆಯ ಸಿಪ್ಪೆ. ಫ್ಯಾನಿಗೆ ಉದ್ದುದ್ದ ಕೂದಲು ಸುತ್ತಿಕೊಂಡಿತ್ತು. ಸ್ಕ್ರೂ ಅದನ್ನು ಬೆರಳಲ್ಲಿ ಎಳೆದು ಎಳೆದು ನಮ್ಮ ತಟ್ಟೆ ಇಡುವ ಜಾಗದಲ್ಲಿ ಹಾಕಿದ. ನಿನ್ನ ಭಾವ ನಗುತ್ತಾ "ಇದು ನಿಂದೇ ಕಣೇ" ಅಂದರು. ಆ ಟೇಬಲ್ಲನ್ನು ನಾನು ಬ್ಲೀಚ್ ಹಾಕಿ ನಾಲ್ಕು ಸಲ ತೊಳೆದೆ. ಇವತ್ತಿಗೂ ಅಲ್ಲಿ ಕೂತು ಉಣ್ಣೋಕೆ ಆಗುತ್ತಿಲ್ಲ, ತಟ್ಟೆ ತಗೊಂಡು ಬಾಗಿಲ ಹತ್ತಿರ ಕೂರುತ್ತೇನೆ.

ಅವನು ಒಳಗಿನಿಂದ ಒಂದು ಹಸಿರು ಪಟ್ಟಿ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ. ಇದರಿಂದ ಹತ್ತರಲ್ಲಿ ಎಂಟು ಎದ್ದು ಕೂರುತ್ತೆ ಅಂದ. ನಮ್ಮದು ಉಳಿದ ಎರಡರಲ್ಲಿ. ಆಮೇಲೆ ಶುರು ಮಾಡಿದ, ಆನ್ ಮಾಡುವುದು, ಆಫ್ ಮಾಡುವುದು, ಆನ್, ಆಫ್. ಪ್ರತಿ ಸಲ ಒಳಗಿನಿಂದ ಟಕ್ ಟಕ್ ಅಂತ ಸಣ್ಣ ಶಬ್ದ, ಯಾರೋ ಉಗುರಿನಲ್ಲಿ ಬಾಗಿಲು ತಟ್ಟಿದ ಹಾಗೆ. ನನಗೆ ತಡೆಯಲಿಲ್ಲ. ಪ್ಲಗ್ ಕಿತ್ತು ವೈರ್ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ.

"ಏನತ್ತಿಗೆ, ನಂಬಿಕೆ ಇಲ್ವಾ?" ಅಂದ.

"ನಂಬಿಕೆ ಇದೆಯಪ್ಪ, ಹೊಟ್ಟೆ ಇಲ್ಲ. ಹೊಟ್ಟೆ ತೊಳೆಸ್ತಾ ಇದೆ" ಅಂದೆ.

ಮೂರು ದಿನ ನಿನ್ನ ಭಾವ ನನ್ನ ಹತ್ತಿರ ಮಾತಾಡಲಿಲ್ಲ, ಸ್ನೇಹಿತನ ಮುಂದೆ ಮರ್ಯಾದೆ ಕಳೆದೆ ಅಂತ. ನಾಲ್ಕನೇ ದಿನ ಅವರೇ ವ್ಯಾನಿನಲ್ಲಿ ಡಬ್ಬ ಇಟ್ಟು, ನನ್ನನ್ನೂ ಕೂರಿಸಿಕೊಂಡು, ಬಸ್ ಸ್ಟ್ಯಾಂಡ್ ಎದುರಿನ ಗಾಜಿನ ಬಾಗಿಲ ಅಂಗಡಿಗೆ ಕರೆದುಕೊಂಡು ಹೋದರು. ನನ್ನನ್ನು ಇಳಿಸಿ ಅವರು ಬಾಡಿಗೆಗೆ ಹೋದರು.

ಹೊರಗೆ ಗಾಜು, ಒಳಗೆ ಕಾಲು ಇಡೋಕೆ ಜಾಗವಿಲ್ಲ. ಹೊಟ್ಟೆ ಸೀಳಿದ ಕಂಪ್ಯೂಟರುಗಳು ಒಂದರ ಮೇಲೊಂದು, ನಮ್ಮಲ್ಲಿ ಸೋಮವಾರದ ಮೈಲಿಗೆ ಬಟ್ಟೆ ರಾಶಿ ಬೀಳುತ್ತಲ್ಲ ಹಾಗೆ. ನಮ್ಮ ರಾಶಿಗಾದರೂ ಯಾವ ವಾರ್ಡಿನದು ಅಂತ ಚೀಟಿ ಇರುತ್ತೆ. ಇಲ್ಲಿ ಯಾರದು ಯಾವುದು ಅಂತ ಆ ದೇವರಿಗೂ ಗೊತ್ತಿರಲಿಕ್ಕಿಲ್ಲ. ಅಂಗಡಿಯವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾ, ಆ ಬೆರಳನ್ನು ನೆಕ್ಕಿ, ಅದೇ ಬೆರಳಲ್ಲಿ ಕೀಬೋರ್ಡ್ ಒತ್ತುತ್ತಿದ್ದ. ನಾನು ಕ್ಯಾಲೆಂಡರ್ ಹಾಳೆ ತೋರಿಸಿದೆ. ಅದನ್ನು ನೋಡದೆಯೇ ಹೇಳಿದ:

"ಫಾರ್ಮ್ಯಾಟ್ ಹೊಡೆದುಬಿಡೋಣಮ್ಮ. ಸಂಜೆ ಬನ್ನಿ, ಹೊಸದರ ಥರ ಓಡುತ್ತೆ."

"ಹೊಡೆದರೆ ಒಳಗಿರೋದು?"

"ಸಿ ಡ್ರೈವ್ ಮಾತ್ರ ಕ್ಲೀನ್ ಮಾಡ್ತೀನಿ. ಡಿ ಡ್ರೈವ್ ಹಾಗೇ ಇರುತ್ತೆ. ನಿಮ್ಮ ಸಾಮಾನೆಲ್ಲ ಡಿ‍ನಲ್ಲೇ ಇರುತ್ತೆ, ಎಲ್ಲರದೂ ಅಲ್ಲೇ ಇರೋದು."

ನನಗೆ ಈ ಸಿ, ಡಿ ಒಂದೂ ತಿಳಿಯದು. ಸರಿ ಅಂತ ಎರಡು ಮೆಟ್ಟಿಲು ಇಳಿದೂ ಬಿಟ್ಟಿದ್ದೆ. ಆದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಗ್ಯಾಸ್ ಆಫ್ ಮಾಡಿದೆನಾ ಅಂತ ಮೂರು ಸಲ ಹಿಂದಕ್ಕೆ ಹೋಗಿ ನೋಡುವವಳು. ತಿರುಗಿ ಹೋಗಿ ಕೇಳಿದೆ, "ಅಲ್ಲ ಸ್ವಾಮಿ, ಆನ್ ಮಾಡಿದ ಕೂಡಲೇ ಎದುರಿಗೆ ಕಾಣುತ್ತಲ್ಲ, ಆ ಮೊದಲನೇ ಪರದೆ. ಅದರ ಮೇಲೇ ಒಂದು ಹಳದಿ ಡಬ್ಬಿ ಇದೆ. ಎಲ್ಲ ಅದರೊಳಗೆ ಹಾಕಿಸಿದ್ದೀನಿ, ಕಣ್ಣ ಮುಂದೆ ಇರಲಿ ಅಂತ. ಅದು ಯಾವುದಕ್ಕೆ ಸೇರುತ್ತೆ?"

ಅವನು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ. "ಡೆಸ್ಕ್‌ಟಾಪ್ ಮೇಲಾ? ಅದು ಸಿ ಅಲ್ವಾ. ಹಾಗಾದರೆ ಹೋಗ್ತಿತ್ತು ನೋಡಿ" ಅಂತ ನಕ್ಕ. "ಏನಿದೆ ಅದರಲ್ಲಿ, ಆಸ್ತಿ ಪತ್ರಾನಾ?"

"ಮಗುವಿನ ವಿಡಿಯೊ."

"ಅಷ್ಟೇನಾ? ಇನ್ನೊಂದು ಸಲ ತೆಗೆದರಾಯಿತು ಬಿಡಿ."

ಎಂಟು ವರ್ಷ ಆದವಳನ್ನು ಎಲ್ಲಿಂದ ತಂದು ಮತ್ತೆ ಅಂಬೆಗಾಲಿಡಿಸಲಿ? ಡಬ್ಬವನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡು ಹೊರಗೆ ಬಂದೆ. ನಿನ್ನನ್ನು ಎತ್ತಿಕೊಂಡು ಔಷಧಿಗೆ ಓಡುತ್ತಿದ್ದೆನಲ್ಲ, ಅಮ್ಮ ಹಾಸಿಗೆ ಹಿಡಿದ ವರ್ಷ, ಅದೇ ಸೊಂಟ. ಈಗ ವಯಸ್ಸಾಗಿದೆ. ಮನೆ ತನಕ ಆರು ಸಲ ಇಳಿಸಿ ಇಳಿಸಿ ಬಂದೆ. ದಾರಿಯಲ್ಲಿ ಎಲ್ಲರೂ ನೋಡುವವರೇ.

ಕೆಲಸದಲ್ಲಿ ಇಸ್ತ್ರಿ ವಿಭಾಗದವಳು ಒಬ್ಬಳು ಹೇಳಿದಳು, ಅವರ ಬೀದಿಯಲ್ಲಿ ಒಬ್ಬರು ಹೆಂಗಸು ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ, ಮೊದಲು ಎಲ್ಲೋ ಕಲಿಸುತ್ತಿದ್ದರಂತೆ, ಎಲ್ಲರೂ ಟೀಚರ್ ಅಂತಲೇ ಕರೆಯುವುದು ಅಂತ. ಹೋದೆ. ಚಪ್ಪಲಿ ಹೊರಗೆ ಬಿಡಿಸಿದರು, ಕೈ ತೊಳೆಯಿರಿ ಅಂದರು, ಟೇಬಲ್ ಮೇಲೆ ಬಿಳೀ ಬಟ್ಟೆ ಹಾಸಿತ್ತು. ಅಷ್ಟಕ್ಕೇ ನನಗೆ ಅರ್ಧ ಜೀವ ಬಂತು. ಕ್ಯಾಲೆಂಡರ್ ಹಾಳೆಯನ್ನು ಪೂರ್ತಿ ಓದಿದವರು ಅವರೊಬ್ಬರೇ. ಶುರುವಾಗಬೇಕಾದ ಡಿಸ್ಕೇ ಸಿಗುತ್ತಿಲ್ಲ ಅಂತ ಅದು ಹೇಳುತ್ತಿದೆಯಂತೆ.

"ಇದು ಹೀಗಾದ ಮೇಲೆ ಎಷ್ಟು ಸಲ ಆನ್ ಮಾಡಿದ್ದೀರಿ?"

"ನಾನು ಒಂದು ಸಲ. ಒಬ್ಬ ಮಹಾನುಭಾವ ಇಪ್ಪತ್ತು ಸಲ."

"ಟಕ್ ಟಕ್ ಅಂತಿತ್ತಾ?"

"ಅಂತಿತ್ತು. ನಾನು ಪ್ಲಗ್ ಕಿತ್ತೆ."

"ಪುಣ್ಯಾತ್ಗಿತ್ತಿ" ಅಂದರು. "ಇನ್ನು ಹತ್ತು ಸಲ ಹಾಕಿದ್ದರೆ ನನ್ನ ಹತ್ತಿರ ಬರೋದೇ ಬೇಕಿರಲಿಲ್ಲ. ಡಿಸ್ಕ್ ಸವೆದಿದೆ. ಇದನ್ನು ಎಬ್ಬಿಸೋಕೆ ಹೋಗಬಾರದು, ಮಲಗಿದ ಹಾಗೇ ಇದರಿಂದ ಎಲ್ಲ ತಗೋಬೇಕು. ಆಮೇಲೆ ಹೊಸ ಡಿಸ್ಕ್ ಹಾಕಿದರಾಯಿತು."

ನನ್ನ ಜೀವಮಾನದಲ್ಲಿ ನನ್ನ ಭಯಕ್ಕೆ ಪುಣ್ಯ ಅಂದವರು ಅವರೊಬ್ಬರೇ ಕಣೇ. ಎಲ್ಲರೂ ರೋಗ ಅಂದಿದ್ದಾರೆ, ನೀನೂ ಅಂದಿದ್ದೀಯ.

ಗುರುವಾರ ರಜೆ ಹಾಕಿ ಬೆಳಿಗ್ಗೆ ಎಂಟಕ್ಕೆ ಹೋಗಿ ಅವರ ಪಕ್ಕ ಕೂತೆ. ನಮ್ಮ ಡಬ್ಬದಿಂದ ಡಿಸ್ಕನ್ನು ಬಿಚ್ಚಿ, ಅಂಗೈಯಷ್ಟೇ ಇರುತ್ತೆ ಅದು, ಒಂದು ವೈರಿನಿಂದ ಅವರ ಕಂಪ್ಯೂಟರಿಗೆ ಸಿಕ್ಕಿಸಿದರು. ಇದರ ಮೇಲೆ ಹೊಸದಾಗಿ ಒಂದು ಅಕ್ಷರವನ್ನೂ ಬರೆಯುವುದಿಲ್ಲ, ಬರೀ ಓದಿಕೊಂಡು ಬೇರೆ ಕಡೆ ಇಳಿಸಿಕೊಳ್ಳುತ್ತೇನೆ ಅಂದರು. ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ನೂರರಲ್ಲಿ ಅರವತ್ತೊಂದಕ್ಕೆ ಬಂದು ನಿಂತಿತು. ಅರ್ಧ ಗಂಟೆ ಅರವತ್ತೊಂದು. ನಾನು ಕಾಲು ಅಲ್ಲಾಡಿಸಲಿಲ್ಲ, ಕೆಮ್ಮು ಬಂದರೂ ನುಂಗಿದೆ.

ಟೀಚರ್ ನೋಡಿ ನಕ್ಕರು. "ನೀವು ಉಸಿರಾಡಿ ಪರವಾಗಿಲ್ಲ. ಉಸಿರಿಗೆ ಫೈಲ್ ಹಾರಿಹೋಗಲ್ಲ."

ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಹಳದಿ ಡಬ್ಬಿ ತೆರೆದರು. ಇತ್ತು ಕಣೇ, ಪುಟ್ಟಿ ಇದ್ದಳು. ಸೋಪಿನ ನೊರೆ ಗಡ್ಡ ಮಾಡಿಕೊಂಡದ್ದು, ನಿನ್ನ ಭಾವನ ಬೂಟು ಹಾಕಿಕೊಂಡು ಬಿದ್ದದ್ದು. ಅಳುವುದೋ ನಗುವುದೋ ತಿಳಿಯಲಿಲ್ಲ. ಆದರೆ ಬಕೆಟ್ಟಿನದು ಇಲ್ಲ. ಮೇಲಿಂದ ಕೆಳಕ್ಕೆ ನೋಡಿದೆ, ಇಲ್ಲ. ಮೊದಲ ಸಲ ನಡೆದದ್ದು ಇಲ್ಲ. ಜ್ವರ ಬಂದಾಗ ಹಾಡು ಹೇಳು ಅಂತ ಹಠ ಮಾಡಿದ್ದು ಇಲ್ಲ. ನನಗೆ ಒಂದೊಂದೂ ಬಾಯಿಪಾಠ, ಲೆಕ್ಕ ತಪ್ಪುವುದಿಲ್ಲ.

ಆಗ ನಾನು ಆಡಿದ ಮಾತು ನೆನೆಸಿಕೊಂಡರೆ ನಾಚಿಕೆಯಾಗುತ್ತೆ. "ನೀವೂ ಅಷ್ಟೇ, ಎಲ್ಲರೂ ಅಷ್ಟೇ! ಬೇಕಾದ್ದು ಕಳೆದು ಬೇಡದ್ದು ಕೊಡ್ತೀರ. ಅರವತ್ತೊಂದರಲ್ಲಿ ನಿಂತಾಗಲೇ ಅಂದ್ಕೊಂಡೆ. ಬಿಳೀ ಬಟ್ಟೆ ಹಾಸಿದ ಟೇಬಲ್ ತೋರಿಸಿ ಮೋಸ ಮಾಡ್ತೀರ" ಅಂತ ಬೀದಿಗೆ ಕೇಳುವ ಹಾಗೆ ಕೂಗಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಕೂತ್ಕೊಳ್ಳಿ. ಒಂದು ಫೈಲೂ ನಾನು ಬಿಟ್ಟಿಲ್ಲ, ಇನ್ನೊಂದು ಕಡೆ ನೋಡೋಣ" ಅಂದರು. ನೋಡಿದರು. ಸಿಕ್ಕಿತು. ಎಲ್ಲವೂ ಸಿಕ್ಕಿತು, ಒಟ್ಟು ಇಪ್ಪತ್ಮೂರು. ಅವರ ಕೈ ಹಿಡಿದುಕೊಂಡು ತಪ್ಪಾಯಿತು ಅಂದೆ. "ನೀವು ಕೂಗಿದ್ದಕ್ಕೇ ಹುಡುಕಿದೆ, ಇಲ್ಲದಿದ್ದರೆ ಅಲ್ಲಿಗೆ ನಾನು ಹೋಗ್ತಾನೇ ಇರಲಿಲ್ಲ" ಅಂದರು.

ಈಗ ಹೊಸ ಡಿಸ್ಕ್ ಹಾಕಿಸಿ ಕಂಪ್ಯೂಟರ್ ಮನೆಗೆ ಬಂದಿದೆ. ಸ್ವಿಚ್ ಹಾಕಿದರೆ ಏಳುತ್ತೆ. ನಿನ್ನ ಭಾವ ಅದಕ್ಕೂ ತಾವು ಗುದ್ದಿದ್ದೇ ಕಾರಣ ಅಂತ ವ್ಯಾನ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ. ಪೆನ್‌ಡ್ರೈವನ್ನು ಈ ಕಾಗದದ ಜೊತೆ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೈಗೆ ಬಂದ ಕೂಡಲೇ ಇನ್ನೊಂದು ಕಡೆ ಇಳಿಸಿಕೋ, ಇನ್ನೊಂದು ಕಡೆ ಅಂದರೆ ಇನ್ನೆರಡು ಕಡೆ. ಪುಟ್ಟಿಗೆ ರಾತ್ರಿ ಮೊಸರು ಕೊಡಬೇಡ. ನಿನಗೂ ಡ್ಯೂಟಿ ಮುಗಿಸಿ ಬಂದು ನಿಂತುಕೊಂಡೇ ತಿನ್ನುವ ಅಭ್ಯಾಸ, ಕೂತು ತಿನ್ನು. ನಿಮ್ಮೆಲ್ಲರ ಮೈ ಕೈ ಗಟ್ಟಿಯಾಗಿರಲಿ, ಮನೆ ತುಂಬ ಮಾತು ಇರಲಿ, ಪುಟ್ಟಿ ನಿನ್ನ ಕಣ್ಣ ಮುಂದೆ ನಿನಗಿಂತ ಎತ್ತರ ಬೆಳೆಯಲಿ.

ನಿನ್ನ
ಅಕ್ಕ

ಮರೆತಿದ್ದು: ಮರೆತಿರಲಿಲ್ಲ. ಬರೆಯಬಾರದು ಅಂತ ಸಹಿ ಹಾಕಿದೆ. ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ.

ಆ ಇಪ್ಪತ್ಮೂರು ಎಲ್ಲಿ ಸಿಕ್ಕಿತು ಅಂದರೆ, ಕಸದ ಬುಟ್ಟಿಯಲ್ಲಿ. ಪರದೆಯ ಮೂಲೆಯಲ್ಲಿ ಬುಟ್ಟಿಯ ಚಿತ್ರ ಇರುತ್ತಲ್ಲ, ಕಸ ಅಂತ ನಾನು ಯಾವತ್ತೂ ಅದನ್ನು ಮುಟ್ಟಿದವಳೇ ಅಲ್ಲ. ಅಳಿಸಿದ್ದು ಅಳಿದುಹೋಗುವುದಿಲ್ಲವಂತೆ, ಬುಟ್ಟಿ ಖಾಲಿ ಮಾಡುವ ತನಕ ಅದರಲ್ಲೇ ಬಿದ್ದಿರುತ್ತಂತೆ. ನನಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ. ಪ್ರತಿಯೊಂದರ ಪಕ್ಕ ಅಳಿಸಿದ ದಿನ, ಗಂಟೆ ಬರೆದಿರುತ್ತೆ. ಟೀಚರ್ ಓದಿ ಹೇಳಿದರು. ಮೇ ಹದಿನೆಂಟು, ಭಾನುವಾರ, ಬೆಳಿಗ್ಗೆ ಹತ್ತೂಕಾಲಿನಿಂದ ಹನ್ನೊಂದು ಹತ್ತರ ತನಕ. ನೀವು ಪುಟ್ಟಿಯನ್ನು ಕರೆದುಕೊಂಡು ಹೋದ ದಿನ. ನಾನು ಒಳಗೆ ಅವಳ ಬಟ್ಟೆ ಮಡಚಿ ತುಂಬುತ್ತಿದ್ದೆ. ಗಂಡಸರು ಹೊರಗೆ ವ್ಯಾನಿನ ಹತ್ತಿರ ಇದ್ದರು. ನೀನು ಕಂಪ್ಯೂಟರ್ ಮುಂದೆ ಕೂತು "ಫೋಟೊ ನೋಡ್ತಾ ಇದ್ದೀನಕ್ಕ" ಅಂದೆ. ಕಾಫಿ ತಂದಿಟ್ಟು, ಆರುತ್ತೆ ಕುಡಿ ಅಂತ ಎರಡು ಸಲ ಹೇಳಿದೆ.

ಟೀಚರ್ ಎದ್ದು ಒಳಗೆ ಹೋದರು. ನಾನೊಬ್ಬಳೇ ಕೂತು ಇಪ್ಪತ್ಮೂರನ್ನೂ ನೋಡಿದೆ. ಎಲ್ಲದರಲ್ಲೂ ಪುಟ್ಟಿ ನನ್ನನ್ನು ಅಮ್ಮ ಅನ್ನುತ್ತಾಳೆ. ಅನ್ನದೇ ಇರುವುದು ಒಂದೂ ಇಲ್ಲ. ಅಷ್ಟು ಸರಿಯಾಗಿ ಆರಿಸಬೇಕಾದರೆ ನೀನು ಒಂದೊಂದನ್ನೂ ಕೇಳಿಸಿಕೊಂಡಿರಬೇಕು. ಆಗ ನಿನ್ನ ಮೇಲೆ ಎಂಥ ಹೇಸಿಗೆ ಬಂತು ಅಂದರೆ, ನಾನು ಬಟ್ಟೆ ಮಡಚುತ್ತಿದ್ದ ಆ ಒಂದು ಗಂಟೆಯಲ್ಲಿ ಕಳ್ಳಿಯ ಹಾಗೆ ಕೂತು ಏಳು ವರ್ಷ ಗುಡಿಸಿ ಬುಟ್ಟಿಗೆ ಹಾಕಿದಳಲ್ಲ ಇವಳು, ಇವಳನ್ನಾ ನಾನು ಸಾಕಿದ್ದು ಅಂತ. ಬೈಯಬೇಕು ಅಂತಲೇ ಕಾಗದ ಶುರು ಮಾಡಿದ್ದು. ಆ ಮೂರು ಹರಿದೆ ಅಂದೆನಲ್ಲ, ಅವೆಲ್ಲ ಬೈಗುಳವೇ.

ನಿನ್ನೆ ಮನೆಯಲ್ಲಿ ಇನ್ನೊಂದು ಸಲ ಹಾಕಿ ನೋಡಿದೆ, ಈ ಸಲ ಶಬ್ದ ಜೋರಾಗಿ ಇಟ್ಟು. ಅವಳು ಮೊದಲ ಸಲ ನಡೆದದ್ದು ಇದೆಯಲ್ಲ, ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನನ್ನ ಕಡೆಗೆ. ಅದರಲ್ಲಿ ಅವಳು ಅಮ್ಮ ಅನ್ನುವುದಕ್ಕೆ ಮೊದಲೇ ಫೋನಿನ ಹಿಂದಿನಿಂದ ಒಂದು ದನಿ ಇದೆ. "ಬಾ, ಅಮ್ಮನ ಹತ್ರ ಬಾ, ಅಮ್ಮ ಅನ್ನು" ಅಂತ. ನನ್ನ ದನಿ. ನಿನಗೆ ಏಳು ವರ್ಷ ಏನು ಹೇಳುತ್ತಾ ಬಂದೆ ನಾನು? "ನಾನು ಹೇಳಿಕೊಟ್ಟಿದ್ದಲ್ಲ ಕಣೇ, ಮಗು ತಾನೇ ಕಲಿತದ್ದು, ದೊಡ್ಡಮ್ಮ ಅನ್ನೋಕೆ ನಾಲಿಗೆ ತಿರುಗಲ್ಲ ಅದಕ್ಕೆ" ಅಂತ. ದೇವರ ಮೇಲೆ ಆಣೆ ಇಟ್ಟೂ ಹೇಳಿದ್ದೆ. ಹೇಳಿ ಹೇಳಿ ನನಗೂ ಅದೇ ನಿಜ ಆಗಿಹೋಗಿತ್ತು. ಆ ದನಿ ಕೇಳಿ ಬಚ್ಚಲಿಗೆ ಓಡಿದೆ, ತಿಂದದ್ದೆಲ್ಲ ಹೊರಗೆ ಬಂತು.

ಬಕೆಟ್ಟಿನದರಲ್ಲಿ ಕೊನೆಗೆ ಬಕೆಟ್ ಒಳಗಿನಿಂದ "ಅಮ್ಮಾ, ಕತ್ತಲು" ಅನ್ನುತ್ತಾಳೆ. ಟೀಚರ್‌ಗೆ ಹೇಳಿ ಅದಕ್ಕೆ ಮೊದಲೇ ಕತ್ತರಿ ಹಾಕಿಸಿದ್ದೇನೆ. ಪುಟ್ಟಿ ಸ್ಕೂಲಿನಲ್ಲಿ ಧೈರ್ಯವಾಗಿ ತೋರಿಸಬಹುದು, ಕತ್ತರಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ಇಪ್ಪತ್ತೆರಡು ಅದೇ ಪೆನ್‌ಡ್ರೈವಿನಲ್ಲಿ ಇನ್ನೊಂದು ಹಳದಿ ಡಬ್ಬಿಯೊಳಗೆ ಹಾಗೇ ಇವೆ. ಇಟ್ಟುಕೊಳ್ಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನನ್ನ ಹತ್ತಿರ ಇರುವುದನ್ನು ನಾನು ಅಳಿಸುವುದಿಲ್ಲ, ಅದನ್ನು ಮಾತ್ರ ಕೇಳಬೇಡ.

ಆದರೆ ಒಂದು ಮಾತು. ನನ್ನ ಆ ದನಿಯನ್ನು ನೀನು ಅವತ್ತೇ ಕೇಳಿಸಿಕೊಂಡಿದ್ದೀಯ. ಕೇಳಿಸಿಕೊಂಡು, ಕಾಫಿ ಕುಡಿದು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೊರಟೆ. ಈ ಹತ್ತು ತಿಂಗಳು ವಾರ ವಾರವೂ ಫೋನ್ ಮಾಡಿ ಅಕ್ಕ ಊಟ ಆಯ್ತಾ ಅಂತ ಕೇಳಿದೆ. ಒಂದು ಸಲ, ಒಂದೇ ಒಂದು ಸಲ, ನನ್ನನ್ನು ಬೈದುಬಿಡಬಾರದಿತ್ತೇನೇ?